ಬರಿಗಾಲಲ್ಲಿ ಗುಡ್ಡದ ಗುಡಿಗೆ ಹೊರಟ ಕಸ್ತೂರಿ

ಕಸ್ತೂರಿ ತೀರಿಕೊಂಡಳು ಅಂತ ಬೆಳಿಗ್ಗೆ ಅವಳ ತಮ್ಮ ಫೋನ್ ಮಾಡಿದ...
ಯಾವ ಕಸ್ತೂರಿ, ಅಂತ ಕೇಳಿದೆ ನಾನು.
ಹನ್ನೊಂದು ವರ್ಷ ಅವಳ ಜೊತೆ ಒಂದೇ ಅಂಗಡಿಯಲ್ಲಿ ಕುಂತವಳು, ಹಾಗೆ ಕೇಳಿದೆ.
ನಿನ್ನೆ ಸಂಜೆ ಶಟರ್ ಎಳೆಯುವಾಗ "ನಾಳೆ ಲಗೂನ ಬಾ ಅಕ್ಕಾ" ಅಂದಿದ್ದಳು...
ಮಲಗಿದಲ್ಲೇ ಹೃದಯ ನಿಂತಿತಂತೆ.

ಬೈಲಹೊಂಗಲದ ಅವಳ ಝೆರಾಕ್ಸ್ ಅಂಗಡಿಗೆ ನೀವು ಬಹಳ ಮಂದಿ ಬಂದಿದ್ದೀರಿ.
ಪಹಣಿ, ಅರ್ಜಿ, ಮಕ್ಕಳ ಮಾರ್ಕ್ಸ್ ಕಾರ್ಡ್...
ಕಂಪ್ಯೂಟರ್ ಕೆಲಸ ಅವಳದು, ಝೆರಾಕ್ಸ್ ಮಷಿನ್ ಕೆಲಸ ನನ್ನದು.
ಸಣ್ಣವಳಿದ್ದಾಗ ಪೋಲಿಯೋ ಆಗಿ ಅವಳ ಬಲಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು. ಅದಿಲ್ಲದೆ ಒಂದು ಹೆಜ್ಜೆ ಇಡಲು ಆಗುತ್ತಿರಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಒಂದಿದೆ.
ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಕಸ್ತೂರಿ ಗೇಮ್ ಆಡುತ್ತಿದ್ದಳು.
ಮೊಬೈಲ್‌ನ ಸಣ್ಣ ಆಟ ಅಲ್ಲ. ಯಾವುದೋ ದೇಶದವರು ಕೋಟಿಗಟ್ಟಲೆ ಸುರಿದು ಮಾಡಿದ್ದು... ಮಂತ್ರ, ರಾಕ್ಷಸರು, ಕತ್ತಿ ಹಿಡಿದ ಒಬ್ಬಳು ಹುಡುಗಿ.
ಮೊದಲು ಬೈದೆ. ಆಮೇಲೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕುಂತೆ.

ಏನು ಹೇಳಲಿ...
ಸವದತ್ತಿಯಿಂದ ರಾಮದುರ್ಗದ ತನಕ ನಡೆದರೂ ಮುಗಿಯದಷ್ಟು ನೆಲ ಅದರೊಳಗೆ.
ಗಾಳಿ ಬೀಸಿದರೆ ಒಂದೊಂದು ಹುಲ್ಲೂ ಬೇರೆ ಬೇರೆ ಬಾಗುತ್ತದೆ.
ಮಳೆ ಬಿದ್ದರೆ ಕಲ್ಲು ಕಪ್ಪಾಗುತ್ತದೆ.
ಸಿಳ್ಳೆ ಹಾಕಿದರೆ ಕುದುರೆ ಗುಡ್ಡ ಇಳಿದು ಬರುತ್ತದೆ.
ತೊರಗಲ್ಲಿನಂಥ ಹತ್ತು ಕೋಟೆ, ಹೂಲಿಯ ಗುಡಿಯಂಥ ಕಂಬಗಳು...
ಮನುಷ್ಯರ ಕೈ ಇಷ್ಟು ಮಾಡಬಲ್ಲದೇ ಅಂತ ಕೈಮುಗಿದಿದ್ದೇನೆ, ಸುಳ್ಳಲ್ಲ.
"ಇದರಾಗ ಎಲ್ಲಿ ಬೇಕಾದಲ್ಲಿ ಹೋಗಬಹುದು ಅಕ್ಕಾ, ಯಾರೂ ಬ್ಯಾಡ ಅನ್ನಂಗಿಲ್ಲ" ಅನ್ನುತ್ತಿದ್ದಳು.

ಆ ಆಟದಲ್ಲಿ ಕೊರತೆಯೂ ಇತ್ತು.
ನೂರು ಸಲ ಹೋದರೂ ಊರ ಮಂದಿಯ ಬಾಯಲ್ಲಿ ಅದೇ ಒಂದು ಮಾತು. ಪ್ರತಿ ಊರ ಗೌಡನೂ ತೋಳದ ಚರ್ಮ ತಾ ಅನ್ನುವವನೇ.
ಕತೆ ಎಲ್ಲಿ ಶುರುವಾಗಿ ಎಲ್ಲಿ ಹೋಯಿತೋ ಅವಳಿಗೂ ತಿಳಿಯಲಿಲ್ಲ. ಅಕ್ಷರ ಸಾಸಿವೆ ಕಾಳು. ಅರ್ಧ ಗಂಟೆಗೆ ಸಿಪಿಯು ಕಾದ ಹಂಚು.
ದೊಡ್ಡ ಕೊರತೆ ಬೇರೆ... ಅಷ್ಟು ಚೆಂದದ ಗುಡಿ ಕಟ್ಟಿ ಒಳಗೆ ದೇವರನ್ನೇ ಇಟ್ಟಿಲ್ಲ. ಬರೀ ಬಂಗಾರದ ಪೆಟ್ಟಿಗೆ.
"ಗರ್ಭಗುಡಿಯೊಳಗ ತಿಜೋರಿ ಇಟ್ಟಾರ ನೋಡ ನಿನ್ನ ಮಂದಿ" ಅಂತ ಕಾಡಿಸುತ್ತಿದ್ದೆ.
"ಗುಡ್ಡದ ತುದಿಗೆ ಕಡೀ ಗುಡಿ ಒಂದ ಉಳದೈತಿ. ಅಲ್ಲ್ಯಾರ ದೇವರ ಅದಾನೋ ಇಲ್ಲೋ, ನೋಡೇ ಬಿಡತೇನಿ" ಅನ್ನುವಳು.

ಆ ಗುಡಿಯ ನೆಲವೆಲ್ಲ ಕೆಂಡ. ಬೂಟು ಇದ್ದರೆ ದಾಟಬಹುದು.
ಆದರೆ ಯಾವ ಗುಡಿ ಬಂದರೂ ಕಸ್ತೂರಿ ಆ ಹುಡುಗಿಯ ಬೂಟು ಬಿಚ್ಚಿಸಿಯೇ ಒಳಗೆ ನಡೆಸುವವಳು. ಇಲ್ಲಿ ನಾಲ್ಕು ಹೆಜ್ಜೆಗೆ ಹುಡುಗಿ ಸಾಯುವಳು. ಮತ್ತೆ ಗುಡ್ಡದ ಬುಡದಿಂದ ಶುರು...
ಎರಡು ತಿಂಗಳು ಇದೇ ಆಯಿತು.
"ಬೂಟ್ ಹಾಕ್ಕೊಂಡ ಹೋಗ ಹುಚ್ಚಿ. ಆಟ ಅದು."
"ಈ ಬೂಟಿನ ಸಲುವಾಗಿ ಸಣ್ಣಾಕಿದ್ದಾಗಿಂದ ಗುಡಿ ಹೊರಗ ನಿಂತ ಕೈಮುಗದೇನಿ. ಇಲ್ಲ್ಯಾರ ಬರಿಗಾಲಲೇ ಒಳಗ ಹೋಗತೇನಿ, ತಡಿ ಅಕ್ಕಾ."
ಪ್ರತಿ ಶ್ರಾವಣ ಸೋಮವಾರ ನಾನು ಊರ ಗುಡಿಯ ಒಳಗೆ ಹೋಗಿ ಬಂದು ಅವಳ ಕೈಗೆ ಪ್ರಸಾದ ಕೊಡುತ್ತಿದ್ದೆ. ಎತ್ತಿಕೊಂಡು ಹೋಗುತ್ತೇವೆ ಅಂದರೆ ಒಪ್ಪುತ್ತಿರಲಿಲ್ಲ.
ಅವಳಿಗೆ ಅಷ್ಟು ಭಕ್ತಿ ಇಲ್ಲ ಅಂದುಕೊಂಡಿದ್ದೆ... ಶಿವನೇ, ತಪ್ಪಾಯಿತು.

ಕಸ್ತೂರಿ...
ನಿನ್ನೆ ಆಟದಲ್ಲಿ ನೀನು ಆ ಕೆಂಡ ದಾಟುವ ಉಪಾಯ ಕಡೆಗೂ ಹುಡುಕಿ ಗರ್ಭಗುಡಿಯ ಹೊಸ್ತಿಲ ತನಕ ಬಂದಿದ್ದೆ. ಬರಿಗಾಲಲ್ಲೇ.
ನಾನು ಸ್ಟೂಲ್ ಇನ್ನೂ ಹತ್ತಿರ ಎಳೆದುಕೊಂಡೆ.
ಆಗಲೇ ದೊಡವಾಡದ ಅಜ್ಜಾರೊಬ್ಬರು ಬಂದು "ಒಂದ ಪಹಣಿ ತಗದ ಕೊಡ್ರಿ ಬಾಯಾರ, ಬಸ್ಸಿನ ಹೊತ್ತಾತು" ಅಂದರು.
ನೀನು ಅಲ್ಲಿಗೇ ಸೇವ್ ಮಾಡಿದೆ.
"ದೇವರೇನ ಓಡಿ ಹೋಗಂಗಿಲ್ಲ, ನಾಳೆ ನೋಡೂಣು" ಅಂತ ನಗುತ್ತಾ ಹೇಳಿದವಳು ನಾನೇ...

ಇವತ್ತು ನಿಮ್ಮ ಮನೆಗೆ ಬಂದೆ.
ನಿನ್ನನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಎರಡೂ ಪಾದ ಬರಿದು.
ಹನ್ನೊಂದು ವರ್ಷದಲ್ಲಿ ನಿನ್ನ ಬಲಪಾದ ನೋಡಿದ್ದು ಇವತ್ತೇ.
ಬೂಟು ಬಾಗಿಲ ಹೊರಗೆ ಇತ್ತು... ನಮ್ಮೆಲ್ಲರ ಚಪ್ಪಲಿಗಳ ಪಕ್ಕದಲ್ಲಿ.

ಆ ಆಟ ಮಾಡಿದವರು ಕಡೆಯ ಗುಡಿಯಲ್ಲಿ ದೇವರನ್ನು ಇಟ್ಟಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ತೆಗೆದು ನೋಡುವುದೂ ಇಲ್ಲ.
ನೀನೀಗ ಹೋದ ಗುಡಿಯಲ್ಲಿ ಇದ್ದಾನೆ.
ಹೊರಗೆ ನಿಲ್ಲಬೇಡ.
ಈ ಸಲದ ಪ್ರಸಾದ ನಿನ್ನ ಕೈಯಾರೆ ತಗೋ...

ಶಿವ ನಿನ್ನನ್ನು ಹತ್ತಿರ ಕೂರಿಸಿಕೊಳ್ಳಲಿ.
ತಣ್ಣಗೆ ಇರು ತಂಗಿ. 🙏