ಸಿದ್ಯಾ ಹೇಳಿದ್ದು, ನಾನು ಬರೆಯದೆ ಬಿಟ್ಟಿದ್ದು

ನಾನಾಗ ಮುದ್ದೇಬಿಹಾಳ ಸೀಮೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಆ ಬೇಸಿಗೆಯಲ್ಲಿ ಕುಡಗೋಲ ಸಿದ್ಯಾ ಸಿಕ್ಕಿಬಿದ್ದ. ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಲಾರಿಯವರು ಹೆಸರು ಕೇಳಿದರೆ ನಡುಗುತ್ತಿದ್ದ ದರೋಡೆಕೋರ. ಕಾಮಾಲೆ ಏರಿ ಓಡಲಾರದೆ ಸಿಕ್ಕಿದ್ದ. ಆಸ್ಪತ್ರೆಯಲ್ಲಿ ಅವನ ಗಾರ್ಡ್ ಡ್ಯೂಟಿ, ಅಂದರೆ ಹಾಸಿಗೆ ಪಕ್ಕದ ಕಾವಲು, ನನ್ನ ಪಾಲಿಗೆ ಬಂತು.

ಮೂರನೆಯ ದಿನ ಮಧ್ಯಾಹ್ನ ನರ್ಸ್ ಊಟಕ್ಕೆ ಹೋಗಿದ್ದಳು. ಸಿದ್ಯಾ ಕಣ್ಣು ತೆರೆದ.

"ಹವಾಲ್ದಾರ್ರ, ಡ್ರೈವರ್ ಗುರಪ್ಪನ್ನ ಹೊಡದಾಂವ ನಾನ. ನಾಲತವಾಡ ಹಾದ್ಯಾಗ ಜೋಡಬೇವಿನ ಗಿಡ ಅದಾವಲ್ರಿ, ಅದರ ಬುಡಕ್ಕ ಹೂತೇನಿ. ಅವನ ಹೇಣ್ತಿ ಹಾದಿ ಕಾಯಾಕತ್ತಾಳ. ಹೇಳ್ರಿ."

"ಆತು, ಸುಮ್ನ ಮಲಗು," ಎಂದೆ. ಅರ್ಧ ಗಂಟೆಯಲ್ಲಿ ಅವನ ಪ್ರಾಣ ಹೋಯಿತು.

ಗುರಪ್ಪನ ಹೆಂಡತಿ ಶಾಂತವ್ವ ನನಗೆ ಗೊತ್ತಿದ್ದವಳೇ. ಲಾರಿ ಸಮೇತ ಗಂಡ ಕಾಣೆಯಾದಂದಿನಿಂದ ಪ್ರತಿ ಸಂತೆಯ ದಿನ ಹಣೆ ತುಂಬ ಕುಂಕುಮ ಇಟ್ಟುಕೊಂಡು, ಅವನ ಫೋಟೊ ಹಿಡಿದು ಠಾಣೆಗೆ ಬರುತ್ತಿದ್ದಳು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಅಗೆದು ನೋಡಲು ಆ ಮಾತು ಸಾಕಿತ್ತು. ಅಡ್ಡ ಬಂದದ್ದು ಹದ್ದು. ಒಂದು ಠಾಣೆಗೆ ಸೇರಿದ ಸರಹದ್ದನ್ನು ನಾವು ಹಾಗೆನ್ನುತ್ತೇವೆ. ಹೆಣ ಯಾರ ಹದ್ದಿನಲ್ಲಿ ಸಿಕ್ಕುತ್ತದೋ ಕೇಸು ಅವರ ತಲೆಗೆ. ಜೋಡಬೇವು ನಮ್ಮ ಹದ್ದಿನಲ್ಲಿತ್ತು. ಕಾಲುವೆಯಲ್ಲಿ ತೇಲಿಬಂದ ಹೆಣವನ್ನು ಬಿದಿರಿನ ಕೋಲಿನಿಂದ ಆಚೆಯ ಹದ್ದಿಗೆ ನೂಕಿದವರನ್ನು ನಾನು ಕಂಡಿದ್ದೆ. ನಾನು ನೂಕಿದ್ದು ಒಬ್ಬ ಸಾಯುವವನ ಮಾತನ್ನು. ನಿವೃತ್ತಿಯ ಹೊತ್ತಿಗೆ ಸಾಕ್ಷಿಯಾಗಿ ಕೋರ್ಟು ಅಲೆಯುವುದು ಯಾರಿಗೆ ಬೇಕೆಂದು, ವರದಿಯಲ್ಲಿ "ಆರೋಪಿಯು ಏನೂ ಮಾತನಾಡಲಿಲ್ಲ" ಎಂದು ಬರೆದೆ.

ಚಹಾ ಅಂಗಡಿಯಲ್ಲಿ ಮಂದಿ ಮುತ್ತಿಕೊಂಡರು.

"ಏನಂದನ್ರಿ ಸಾಯಬ್ರ, ಸಾಯೋಮುಂದ ಅತ್ತನೇನ್ರಿ ಮಗಾ?"

"ಅಳೋದ? ಯಮನ ಕೋಣಾನೂ ಹೊಡಕೊಂಡು ಬರ್ತೇನಿ ಅಂದ!" ಎಂದುಬಿಟ್ಟೆ. ಅಂಗಡಿ ತುಂಬ ನಗು. ಆ ಮಾತು ತಾಲೂಕು ದಾಟಿ ಸಿಂದಗಿಯವರೆಗೆ ಹೋಯಿತು.

ಮುಂದಿನ ಸಂತೆಗೆ ಶಾಂತವ್ವ ಬಂದಳು. "ನಮ್ಮವರ ಸುದ್ದಿ ಏನರೆ ತಗದನೇನ್ರಿ?"

"ಇಲ್ಲಬೇ ತಂಗಿ," ಎಂದೆ. ಅವಳು ನನಗೆ ಕೈಮುಗಿದು ಹೋದಳು.

ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಅವಳನ್ನು ಹೂಳುವಾಗ ಒಂದು ಹಿಡಿ ಮಣ್ಣು ಹಾಕಲು ಹೋಗಿ ಶಾಂತವ್ವನ ನೆನಪು ಬಂದು ಕೈ ನಿಂತಿತು. ಮೂರನೆಯ ದಿನದ ಕಾರ್ಯ ಮುಗಿಸಿ ನಾಲತವಾಡದ ಹಾದಿ ಹಿಡಿದೆ. ಜೋಡಬೇವು ಇರಲಿಲ್ಲ. ಅಲ್ಲಿ ಹೊಸ ಉಪಕಾಲುವೆ ತುಂಬಿ ಹರಿಯುತ್ತಿತ್ತು. ಅಗೆದ ಮಣ್ಣನ್ನು ಟಿಪ್ಪರುಗಳು ಎಲ್ಲೆಲ್ಲಿಗೋ ಒಯ್ದಿದ್ದವು. ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಆಮೇಲೆ ಶಾಂತವ್ವನ ಮನೆಗೆ ಹೋದೆ.

ಕೂದಲು ನೆರೆತಿತ್ತು, ಕುಂಕುಮ ಹಾಗೆಯೇ ಇತ್ತು. ನಾನು ಹೇಳಿದ್ದನ್ನೆಲ್ಲ ಹೊಸ್ತಿಲ ಮೇಲೆ ಕೂತು ಕೇಳಿದಳು. ಬೈಯಲಿಲ್ಲ.

"ನಮ್ಮತ್ತಿ ದಿನಾ ಅವರಿಗಂತ ಒಂದು ರೊಟ್ಟಿ ತಗದಿಡತಿದ್ಲು," ಎಂದಳು. "ಕಾಯ್ಕೋತ ಕಾಯ್ಕೋತ ಹೋದ್ಲು. ಆಕಿ ಇದ್ದಾಗರೆ ಹೇಳಬಾರದಿತ್ತೇನ್ರಿ?"

ತಲೆ ತಗ್ಗಿಸಿದೆ. ಅವಳು ಮತ್ತೆ ಕೇಳಿದಳು: "ನಮ್ಮವರು ಜೀವಾ ಬಿಡೋಮುಂದ ಏನರೆ ಅಂದಿದ್ರಂತೇನ್ರಿ?"

ಸಿದ್ಯಾ ಅರ್ಧ ಗಂಟೆ ಬದುಕಿದ್ದ, ಮಾತಾಡಲು ಸಿದ್ಧನಿದ್ದ. ನಾನೇ ಅವನನ್ನು ಏನೂ ಕೇಳಿರಲಿಲ್ಲ. ಸಾಯುವವನ ಕೊನೆಯ ಮಾತು ಕಿವಿಗೆ ಬಿದ್ದವನ ಸೊತ್ತಲ್ಲ, ಎಲ್ಲೋ ಹಾದಿ ಕಾಯುತ್ತಿರುವವರದು. ಮೂವತ್ತೈದು ವರ್ಷದ ನೌಕರಿ ಕಲಿಸದ ಇದನ್ನು ಆ ಹೊಸ್ತಿಲ ಮುಂದೆ ನಿಂತು ಕಲಿತೆ.