ಮೂರು ಕೋಟ್ ಬಣ್ಣ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಲಿಫ್ಟಿನ ಬಾಗಿಲು ತೆರೆದಾಗ ಥಿನ್ನರಿನ ವಾಸನೆ ಮುಖಕ್ಕೇ ಬಂದು ಬಡಿಯಿತು. ನಾಲ್ಕನೆಯ ಮಹಡಿಯಲ್ಲಿ ಯಾರೋ ಬಾಗಿಲಿಗೆ ಪಾಲಿಶ್ ಮಾಡಿಸುತ್ತಿದ್ದಾರಂತೆ. ಜೊತೆಗಿದ್ದ ನೆರೆಮನೆಯಾಕೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬೇಕೆಂದೇ ಉದ್ದನೆಯ ಉಸಿರೆಳೆದುಕೊಂಡೆ. ಮಲ್ಲಿಗೆಯ ವಾಸನೆ ಬಂದರೆ ನಿಮಗೆ ಯಾರಾದರೂ ನೆನಪಾಗುತ್ತಿರಬಹುದು. ನನಗೆ ಥಿನ್ನರ್ ಮೂಗಿಗೆ ಬಂದರೆ ಮಲ್ಲಪ್ಪಣ್ಣ ನೆನಪಾಗುತ್ತಾರೆ. ಅದರ ಹಿಂದೆಯೇ, ಎರಡು ವರ್ಷದ ಹಿಂದೆ ನಾನು ಹೇಳಿದ ಒಂದು ಸುಳ್ಳೂ.

ನಾನು ಹಲ್ಲು ಮಾಡುವವಳು. ಗ್ರಾಂಟ್ ರೋಡಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಕೂತು, ಮುಖವನ್ನೇ ನೋಡಿರದ ಜನರಿಗೆ ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕಸುಬು. ಸಂಜೆ ಲೋಕಲ್ ಹಿಡಿದು ಮುಲುಂಡಿಗೆ ಬಂದ ಮೇಲೆ ಪುಟ್ಟ ಕಾರುಗಳನ್ನು ಮಾಡುತ್ತೇನೆ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳು ಬರುತ್ತವೆ. ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದರೆ ನಿಜವಾದ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ, ಒಂದು ಗೇಣುದ್ದದ ಕಾರು. ಈ ಹುಚ್ಚು ಹೇಗೆ ಹತ್ತಿತೆಂದು ಕೇಳಬೇಡಿ. ನಮ್ಮ ಉಡುಪಿಯ ಮನೆಯಲ್ಲಿ ಸೈಕಲ್ ಕೂಡ ಇರಲಿಲ್ಲ. "ಹೊರಗೆ ಹಲ್ಲು, ಒಳಗೆ ಕಾರು, ಅಡುಗೆ ಯಾವಾಗ ಮಾರಾಯ್ತಿ?" ಎಂದು ನನ್ನ ಗಂಡ ಕೇಳುತ್ತಾರೆ, ತಾವೇ ಒಗ್ಗರಣೆ ಹಾಕುತ್ತ.

ಮಾಡಿದ್ದನ್ನು ಶೋಕೇಸಿನಲ್ಲಿಟ್ಟುಕೊಂಡು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ವರ್ಷಕ್ಕೊಮ್ಮೆ ದಾದರಿನ ಒಂದು ಶಾಲೆಯ ಹಾಲಿನಲ್ಲಿ ಇಂಥ ಮಾಡೆಲ್‌ಗಳ ಸ್ಪರ್ಧೆ ನಡೆಯುತ್ತದೆಂದು ತಿಳಿದು, ಧೈರ್ಯ ಮಾಡಿ ಒಂದನ್ನು ಒಯ್ದೆ. ಅಲ್ಲಿ ಜಡ್ಜ್ ಆಗಿದ್ದವರು ಸಾನೆ ಎಂಬ ನಿವೃತ್ತ ಇಂಜಿನಿಯರ್. ಅವರು ಕಾರನ್ನು ಮುಟ್ಟಲಿಲ್ಲ. ಜೇಬಿನಿಂದ ಒಂದು ತೆಳು ಕಾಗದ ತೆಗೆದು ಚಕ್ರಗಳ ಕೆಳಗೆ ತೂರಿಸಿದರು. ಮೂರು ಚಕ್ರಗಳಿಗೆ ತಡೆದ ಕಾಗದ ನಾಲ್ಕನೆಯದರ ಕೆಳಗೆ ಸಲೀಸಾಗಿ ಹೋಯಿತು. ನನ್ನ ಕಾರು ಒಂದು ಕಾಲೆತ್ತಿ ನಿಂತಿತ್ತು. ಆಮೇಲೆ ಹಲ್ಲಿನ ಡಾಕ್ಟರರಂತೆ ಪುಟ್ಟ ಕನ್ನಡಿಯಿಂದ ಹೊಟ್ಟೆಯ ಭಾಗ ನೋಡಿ, ಕೊನೆಗೆ ಟಾರ್ಚನ್ನು ಅಡ್ಡಲಾಗಿ ಹಿಡಿದರು. ಮನೆಯಲ್ಲಿ ನುಣುಪಾಗಿ ಕಂಡಿದ್ದ ಬಣ್ಣ ಆ ಬೆಳಕಿನಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಹಳ್ಳ ಹಳ್ಳ. "ಮೇಡಂ, ರಂಗ್ ಲಗಾಯಾ ಹೈ ಕಿ ಡಾಲಾ ಹೈ?" ಎಂದರು. ಬಣ್ಣ ಹಚ್ಚಿದ್ದೋ, ಸುರಿದದ್ದೋ.

ಮುಂದಿನ ವರ್ಷಕ್ಕೆ ಹಳೆಯ ಕಾಲದ, ದುಂಡು ದೀಪಗಳ ಕಾರೊಂದನ್ನು ಆರಿಸಿಕೊಂಡೆ. ಚಕ್ರಗಳನ್ನು ಗಾಜಿನ ಮೇಲಿಟ್ಟು ನಾಲ್ಕೂ ಕೂರುವವರೆಗೆ ತಿದ್ದಿದೆ. ಅಚ್ಚಿನ ಗೆರೆಗಳನ್ನೆಲ್ಲ ಉಜ್ಜಿ ಅಳಿಸಿದೆ. ಬಣ್ಣವೊಂದು ಮಾತ್ರ ಕೈಗೆ ಹತ್ತಲಿಲ್ಲ.

ಆಗ ಸಿಕ್ಕವರು ಮಲ್ಲಪ್ಪಣ್ಣ. ಲ್ಯಾಬಿನ ಕಂಪ್ರೆಸರ್ ಕೆಟ್ಟು ಬೈಕುಲ್ಲಾದ ರಿಪೇರಿ ಅಂಗಡಿಗೆ ಹೋಗಿದ್ದೆ. ಪಕ್ಕದ ಗ್ಯಾರೇಜಿನ ಮೇಲೆ 'ಡೆಂಟಿಂಗ್ ಪೇಂಟಿಂಗ್' ಎಂಬ ಬೋರ್ಡು. ನಾನೂ ಒಂದು ಲೆಕ್ಕದಲ್ಲಿ ಡೆಂಟಿಂಗಿನವಳೇ ಎಂದು ನಗು ಬಂತು. ಒಳಗೆ ಅರವತ್ತರ ಆಚೀಚೆಯ ಒಬ್ಬರು ಟ್ಯಾಕ್ಸಿಯ ಬಾಗಿಲಿಗೆ ಬಣ್ಣ ಹೊಡೆಯುತ್ತ, ಕುತ್ತಿಗೆಗೆ ಫೋನ್ ಒತ್ತಿಕೊಂಡು ಗದಗದ ಕಡೆಯ ಕನ್ನಡದಲ್ಲಿ ಯಾರಿಗೋ ಬೈಯುತ್ತಿದ್ದರು. ಆ ಬಾಗಿಲಿನಲ್ಲಿ ನನ್ನ ಮುಖ ಕಂಡಿತು, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ. ಮರುದಿನವೇ ನನ್ನ ಕಾರಿನ ಬಾಡಿಯನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಹೋದೆ.

ಅವರು ಅದನ್ನು ಅಂಗೈ ಮೇಲಿಟ್ಟುಕೊಂಡು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರು. "ಟ್ಯೂಬ್‌ಲೈಟ್ ಹೆಂಗ ಕಾಣಾಕತ್ತೈತಿ ನೋಡ್ರಿ ಅಕ್ಕಾರ. ಸೊಟ್ಟ ಸೊಟ್ಟ. ಅದು ದಾರ ಎಳದಂಗ ಕಾಣಬೇಕು." ಮೂವತ್ತು ವರ್ಷ ಟ್ಯಾಕ್ಸಿಗಳಿಗೆ ಕಪ್ಪು ಹಳದಿ ಹೊಡೆದವರು. ನನ್ನ ಕೈಗೆ ಸ್ಪ್ರೇ ಗನ್ ಕೊಟ್ಟು, ಕಾರು ಬೇಡ, ಮೊದಲು ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಹೊಡೆಯಿರಿ ಎಂದರು. ಶನಿವಾರ ಮಧ್ಯಾಹ್ನಗಳೆಲ್ಲ ಚಮಚಕ್ಕೆ ಹೋದವು. ಹತ್ತಿರ ಹಿಡಿದರೆ ಬಣ್ಣ ಇಳಿಯಿತು, ದೂರ ಹಿಡಿದರೆ ಧೂಳಿನಂತೆ ಕೂತಿತು. "ಅವಸರ ಮಾಡಾಕತ್ತೀರಿ," ಎನ್ನುವುದು ಬಿಟ್ಟರೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ.

ಸ್ಪರ್ಧೆಗೆ ನಾಲ್ಕು ದಿನ ಉಳಿದಾಗ ಕಾರಿಗೆ ಮೂರನೆಯ ಬಾರಿ ಬಣ್ಣ ಹೊಡೆದು ಮೂರನೆಯ ಬಾರಿ ಕೆಡಿಸಿದೆ. ಬಾನೆಟ್ಟಿನ ನಟ್ಟನಡುವೆ ಒಂದು ನಾರು ಕೂತುಬಿಟ್ಟಿತ್ತು. ಇನ್ನೊಮ್ಮೆ ಬಣ್ಣ ಕಿತ್ತರೆ ಬಾಗಿಲಿನ ಗೆರೆಗಳೇ ಸವೆದುಹೋಗುತ್ತಿದ್ದವು. ಒಂದು ವರ್ಷದ ಕೆಲಸ ಹಾಳಾಗುವುದರಲ್ಲಿತ್ತು.

"ಮಲ್ಲಪ್ಪಣ್ಣ, ಇದೊಂದು ಸಲ ನೀವೇ ಹೊಡೆದು ಕೊಡಿ ಮಾರಾಯ್ರೆ," ಎಂದೆ.

ಅವರು ಮೊದಲು ಆ ನಾರನ್ನು ಮಾತ್ರ ಉಜ್ಜಿ ತೆಗೆದರು. ಬಾಡಿಯನ್ನು ತೊಳೆದು ಒರೆಸಿ, ನಡುನಡುವೆ ಒಣಗಲು ಬಿಟ್ಟು ಹೊಡೆದರು. ಕೈ ಬೀಸುವುದನ್ನು ನೋಡುತ್ತಿದ್ದೆನೇ ಹೊರತು ಎಷ್ಟು ಕೋಟ್ ಬಣ್ಣವೆಂದು ಎಣಿಸಲಿಲ್ಲ. ದಾಳಿಂಬೆಯ ಕಾಳಿನ ಕೆಂಪು ಬಣ್ಣದೊಳಗೆ ಟ್ಯೂಬ್‌ಲೈಟ್ ದಾರದಂತೆ ಮಲಗಿತ್ತು.

ಪ್ರವೇಶದ ಫಾರಂನಲ್ಲಿ ಒಂದು ಸಾಲಿತ್ತು: ಈ ಮಾಡೆಲಿನ ಎಲ್ಲ ಕೆಲಸವನ್ನೂ ನಾನೊಬ್ಬಳೇ ಮಾಡಿದ್ದೇನೆ. ನಿಮ್ಮ ಹೆಸರನ್ನೂ ಬರೆಯಲೇ ಎಂದು ಮಲ್ಲಪ್ಪಣ್ಣನಿಗೆ ಫೋನ್ ಮಾಡಿ ಕೇಳಿದೆ. ಕೇಳಿದ್ದೂ, ಅವರು ಬೇಡವೆನ್ನಲಿ ಎಂಬಂಥ ದನಿಯಲ್ಲಿಯೇ. "ನನ್ನ ಹೆಸರು ಯಾಕ್ರಿ ಅದರಾಗ," ಎಂದರು. ನನಗೆ ಹಾಯೆನಿಸಿತು. ಸಹಿ ಹಾಕಿದೆ.

ಆ ಭಾನುವಾರ ಲೋಕಲ್‌ನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಬ್ರೇಕಿಗೂ ಉಸಿರು ಹಿಡಿದು ದಾದರ್ ಸೇರಿದೆ. ಹಾಲಿನ ಮೇಜುಗಳ ಮೇಲೆ ಸಾಲಾಗಿ ಕಾರುಗಳು, ಪ್ರತಿಯೊಂದರ ಮುಂದೆ ಹೆಸರಿನ ಚೀಟಿ. ಮಲ್ಲಪ್ಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬರುತ್ತೇನೆಂದು ಹೇಳಿರಲಿಲ್ಲ.

ಸಾನೆ ಸರ್ ನಮ್ಮ ಮೇಜಿಗೆ ಬಂದಾಗ ಹನ್ನೊಂದಾಗಿತ್ತು. ಕಾಗದ ತೂರಿಸಿದರು, ನಾಲ್ಕೂ ಚಕ್ರಕ್ಕೆ ತಡೆಯಿತು. ಕನ್ನಡಿ ಹಿಡಿದರು, ಹುಬ್ಬು ಏರಿಸಿದರು. ಟಾರ್ಚು ಹೊತ್ತಿಸಿ ಅಲ್ಲೇ ನಿಂತುಬಿಟ್ಟರು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಬೆಳಕು ನಿಧಾನವಾಗಿ ಹರಿಯಿತು, ಮತ್ತೆ ಹಿಂದಕ್ಕೆ ಬಂತು.

"ಪೇಂಟ್ ಆಪ್‌ನೇ ಖುದ್ ಕಿಯಾ?" ಬಣ್ಣ ನೀವೇ ಹೊಡೆದದ್ದಾ ಎಂದರು.

"ಹಾಂ ಸರ್," ಎಂದೆ. ಅಷ್ಟು ಸುಲಭವಾಗಿ ಬಂತು.

"ಕಿತ್ನೇ ಕೋಟ್?"

ಎಷ್ಟು ಕೋಟ್ ಎಂದು ನನಗೆ ಗೊತ್ತಿರಲಿಲ್ಲ. ಸಾನೆ ಸರ್ ಟಾರ್ಚು ಆರಿಸಿ ನನ್ನತ್ತ ತಿರುಗುತ್ತಿದ್ದರು. ಅವರ ಬೆನ್ನ ಹಿಂದೆ, ಬಿಳಿ ಅಂಗಿಯ ಎದೆಯ ಹತ್ತಿರ, ಮಲ್ಲಪ್ಪಣ್ಣ ಮೂರು ಬೆರಳು ತೋರಿಸಿದರು. ಉಗುರುಗಳ ಅಂಚಿನಲ್ಲಿ ನನ್ನ ಕಾರಿನ ಕೆಂಪು ಇನ್ನೂ ಇತ್ತು.

"ತೀನ್," ಎಂದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಧೈರ್ಯ ನನಗೆ ಶಾಲೆಯಲ್ಲೂ ಇರಲಿಲ್ಲ. ನಲವತ್ತೇಳನೆಯ ವಯಸ್ಸಿಗೆ ಹೊಡೆದೆ.

ಸಾನೆ ಸರ್ ಏನೋ ಬರೆದುಕೊಂಡು ಮುಂದೆ ಹೋದರು. "ಬಹುಮಾನ ಬರ್ತೈತಿ ಬಿಡ್ರಿ," ಎಂದು ಮಲ್ಲಪ್ಪಣ್ಣ ಹತ್ತಿರ ಬಂದರು. ಬಗ್ಗಿ ಕಾರನ್ನು ನೋಡಿದರು, ಚೀಟಿಯನ್ನೂ ನೋಡಿದರು. ಆಮೇಲೆ ತಮ್ಮ ಫೋನ್ ನನ್ನ ಕೈಗಿತ್ತು, "ಒಂದು ಫೋಟೋ ಹೊಡೀರಿ ಅಕ್ಕಾರ. ಊರಾಗ ಮಗಳಿಗೆ ಕಳಿಸ್ತೀನಿ, ನಾ ಬಣ್ಣ ಹೊಡದದ್ದು ಅಂತ. ಬರೇ ಕಾರ್ ಬರಲಿ, ಹೆಸರಿನ ಚೀಟಿ ಬರೋದು ಬ್ಯಾಡ," ಎಂದರು.

ಅದರಲ್ಲಿ ಕುಟುಕಿರಲಿಲ್ಲ. ನನಗೆ ತೊಂದರೆಯಾಗಬಾರದೆಂದಷ್ಟೇ ಹೇಳಿದ್ದು. ಚೀಟಿಯನ್ನು ತಪ್ಪಿಸಲು ನಾನು ಫೋನನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಹೇಗೆ ಹಿಡಿದರೂ ನನ್ನ ಹೆಸರಿನ ಒಂದು ತುದಿ ಬರುತ್ತಲೇ ಇತ್ತು. ಫೋಟೋ ತೆಗೆಯಲಾಗಲಿಲ್ಲ. ಫೋನನ್ನು ಅವರಿಗೆ ಮರಳಿಸಿ, ಜಡ್ಜುಗಳು ಕೂತಿದ್ದ ಮೂಲೆಗೆ ನಡೆದೆ. ಆ ಇಪ್ಪತ್ತು ಹೆಜ್ಜೆಗಳಲ್ಲಿ ಹಿಂದಿರುಗಲು ನೂರು ಕಾರಣ ಹೊಳೆದವು. ಒಂದೊಂದೂ ಚೆನ್ನಾಗಿಯೇ ಇತ್ತು.

"ಸರ್, ಬಣ್ಣ ನಾನು ಹೊಡೆದದ್ದಲ್ಲ," ಎಂದೆ ಹಿಂದಿಯಲ್ಲಿ.

ಅವರು ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಮೇಜಿಗೆ ಬಂದು ಚೀಟಿಯ ಮೇಲೆ ಅಡ್ಡಗೆರೆ ಎಳೆದು, ಸ್ಪರ್ಧೆಗಿಲ್ಲ, ಪ್ರದರ್ಶನಕ್ಕೆ ಮಾತ್ರ ಎಂದು ಬರೆದರು. ಬಣ್ಣ ಹೊಡೆದ ಮಲ್ಲಪ್ಪಣ್ಣನ ಹೆಸರೂ ಇರಲಿ ಎಂದು ಬೇಡಿದೆ. 'ಪೇಂಟ್: ಮಲ್ಲಪ್ಪ' ಎಂದು ಕೆಳಗೆ ಸೇರಿಸಿದರು. ಮೊದಲ ಬಹುಮಾನ ಬರಬಹುದಿತ್ತು ಎಂದು ಹೋಗುವಾಗ ಮೆಲ್ಲಗೆ ಅಂದರು.

ಮಲ್ಲಪ್ಪಣ್ಣ ಸಂತೋಷಪಡುತ್ತಾರೆಂದು ನಾನು ಅಂದುಕೊಂಡಿದ್ದೆ. ನನ್ನ ಮೂರ್ಖತನ. ಅವರ ಮುಖ ಕಪ್ಪಿಟ್ಟಿತು.

"ನನ್ನನ್ನ ಕೇಳಬೇಕಾಗಿತ್ತು," ಎಂದರು. "ನಿಮಗ ಹಗುರ ಆತು. ಈಗ ಇಲ್ಲಿ ಎಲ್ಲಾರೂ ನನ್ನ ಹೆಸರು ನೋಡಿ ಏನಂತಾರ್ರಿ? ಸುಳ್ಳಿಗೆ ಬೆರಳು ತೋರಿಸಿದವ."

ಅವರು ಚಹಾ ಕೂಡ ಕುಡಿಯದೆ ಹೊರಟುಹೋದರು.

ಒಂದು ತಿಂಗಳು ಅವರು ನನ್ನ ಫೋನ್ ಎತ್ತಲಿಲ್ಲ. ಕೆಂಪು ಕಾರು ಶೋಕೇಸಿನಲ್ಲಿ ಹೊಳೆಯುತ್ತಿತ್ತು; ನಾನು ಆ ಕಡೆ ನೋಡದೆ ಓಡಾಡುತ್ತಿದ್ದೆ. ಕೊನೆಗೊಂದು ಶನಿವಾರ ಅದನ್ನು ತೆಗೆದುಕೊಂಡು ಬೈಕುಲ್ಲಾಕ್ಕೆ ಹೋದೆ. ತಪ್ಪಾಯಿತು ಎಂದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ಬಾಡಿ ಬಿಚ್ಚಿ ಬಣ್ಣ ತಗೀರಿ," ಎಂದರು.

"ನೀವು ಹೊಡೆದದ್ದನ್ನಾ?"

"ನಾ ಹೊಡದದ್ದು ಅಂತಽ ತಗೀರಿ. ಆ ಕಾರ್ ನಿಮ್ಮದು. ಬಣ್ಣನೂ ನಿಮ್ಮದಽ ಇರಲಿ."

ಬಾಡಿಯನ್ನು ಬಣ್ಣ ಕೀಳುವ ದ್ರಾವಣದ ಡಬ್ಬಿಗೆ ಇಳಿಸುವಾಗ ನನ್ನ ಕೈ ಅರ್ಧದಲ್ಲೇ ನಿಂತಿತು. ಅವರು ನೋಡುತ್ತಿದ್ದರು. ಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ಕೆಂಪು ಸುಕ್ಕುಗಟ್ಟಿ, ಹಾಲಿನ ಕೆನೆಯಂತೆ ಎದ್ದು ಬಂತು. ಡಬ್ಬಿಯ ಮುಚ್ಚಳ ಹಾಕಿ, "ಚಮಚ ತಂದೀರೇನು ತಂಗಿ?" ಎಂದು ಅವರು ಕೇಳಿದಾಗ ನನಗೆ ಅಳು ಬಂತು. ಅಲ್ಲಿಯತನಕ ನಾನು ಅಕ್ಕಾರಾಗಿದ್ದೆ.

ಮುಂದಿನ ವರ್ಷ ಅದೇ ಕಾರು, ಅದೇ ಮೇಜು. ಸವೆದ ಗೆರೆಗಳನ್ನು ಸೂಜಿಯಿಂದ ಮತ್ತೆ ಕೊರೆದು, ಕೆಂಪನ್ನು ನಾನೇ ಹೊಡೆದಿದ್ದೆ. ಸಾನೆ ಸರ್ ಟಾರ್ಚು ಹಿಡಿದು, ಹಿಂದಿನ ಬಾಗಿಲಿನ ಹತ್ತಿರ ಬಣ್ಣ ಸ್ವಲ್ಪ ಅಲೆಯೆದ್ದದ್ದನ್ನು ಕಂಡುಹಿಡಿದರು. ಹೋದ ವರ್ಷದ ಬಣ್ಣ ಇದಕ್ಕಿಂತ ಚೆನ್ನಾಗಿತ್ತು ಎಂದರು. "ಹೌದು ಸರ್, ತುಂಬಾ ಚೆನ್ನಾಗಿತ್ತು," ಎಂದೆ. ಬಹುಮಾನ ಬರಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಲುಂಡ್ ಬರುವವರೆಗೂ ಆಗಿತ್ತು.

ಇವತ್ತು ಲಿಫ್ಟಿನಿಂದ ಇಳಿದು ನಾನು ಹೋದದ್ದು ಬೈಕುಲ್ಲಾಕ್ಕೇ. ಈ ಸಲ ಸ್ಪರ್ಧೆಗೆ ಮಲ್ಲಪ್ಪಣ್ಣ ನಿಂತಿದ್ದಾರೆ. ಒಂದು ಟ್ಯಾಕ್ಸಿ ಮಾಡಿದ್ದಾರೆ, ಕಪ್ಪು ಹಳದಿಯದು. ಬಣ್ಣದ ಮಾತು ನಾನು ಆಡಬೇಕಾಗಿಲ್ಲ. ಉಳಿದದ್ದು ಮುಂದಿನ ಗಾಜು. ಅಂಟು ಒಂದಿಷ್ಟು ಹೆಚ್ಚಾದರೂ ಕಲೆ ನಿಲ್ಲುತ್ತದೆ. ಅವರ ದಪ್ಪ ಬೆರಳುಗಳ ನಡುವೆ ಆ ಗಾಜು ಜಾರುತ್ತಿತ್ತು. ಹಗಲೆಲ್ಲ ಹಲ್ಲು ಕೂರಿಸುವ ನನಗೆ ಅದು ಒಂದು ನಿಮಿಷದ ಕೆಲಸ. ಗೊತ್ತಿಲ್ಲದೆ ಕೈ ಮುಂದೆ ಹೋಯಿತು.

"ಕೈ ಹಿಂದ ಕಟ್ಕೋರಿ ತಂಗಿ. ಬರೇ ಬಾಯಿಲೆ ಹೇಳ್ರಿ."

ಕಟ್ಟಿಕೊಂಡೆ. ಎಡಕ್ಕೆ ಒಂದು ಕೂದಲೆಳೆ, ಎಂದೆ. ಸ್ವಲ್ಪ ಕೆಳಗೆ. ಒತ್ತಬೇಡಿ. ಗಾಜು ಕೂತಿತು. ಬಲಮೂಲೆಯಲ್ಲಿ ಎಳ್ಳಿನಷ್ಟು ಅಂಟು ಹೊರಗೆ ಬಂದು ಅಲ್ಲೇ ಬೆಳ್ಳಗಾಯಿತು.

ಅವರು ಬಗ್ಗಿ ಅದನ್ನು ನೋಡಿದರು. "ಜಡ್ಜ್‌ಗೆ ಕಾಣ್ತೈತೇನ್ರಿ?"

"ಕಾಣ್ತದೆ ಮಲ್ಲಪ್ಪಣ್ಣ."

"ಕಾಣಲಿ," ಎಂದರು. ಕೈ ಒರೆಸಿಕೊಂಡು, ಫಾರಂ ಹತ್ತಿರಕ್ಕೆ ಎಳೆದುಕೊಂಡು, 'ನಾನೊಬ್ಬನೇ' ಎಂಬ ಸಾಲಿನ ಕೆಳಗೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯತೊಡಗಿದರು.