ಮಾವನ ಬ್ಯಾಟರಿ ಅಂಗಡಿ, ಅತ್ತೆಯ ಒಂದು ಕಣ್ಣು

ಮದುವೆಯಾಗಿ ಹಲಸೂರಿನ ಆ ಮನೆಗೆ ಬಂದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅತ್ತೆಯ ಸೀರೆಗಳಲ್ಲಿದ್ದ ತೂತುಗಳು. ಇಲಿ ಕಡಿದಿರಬೇಕು ಅಂದುಕೊಂಡೆ. ಸ್ವಲ್ಪ ದಿನಕ್ಕೆ ನನ್ನ ಸೀರೆಗಳಲ್ಲೂ ಕಾಣಿಸಿಕೊಂಡವು. ಉಟ್ಟಾಗ ಏನೂ ಗೊತ್ತಾಗುತ್ತಿರಲಿಲ್ಲ, ಒಗೆದು ಹಿಂಡಿದಾಗ ಬಟ್ಟೆ ಅಲ್ಲಲ್ಲಿ ಪುಡಿಯಾಗಿ ಕೈಗೆ ಬರುತ್ತಿತ್ತು. ಬ್ಯಾಟರಿಯ ಆಸಿಡ್ ಹಾಗೆಯೇ, ಬಿದ್ದ ಕೂಡಲೇ ಬಟ್ಟೆಯನ್ನು ಸುಡುವುದಿಲ್ಲ, ನಿಧಾನಕ್ಕೆ ತಿನ್ನುತ್ತದೆ. ನಮ್ಮ ಮಾವನಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಬ್ಯಾಟರಿ ಅಂಗಡಿ. ತೊಂಬತ್ತರ ದಶಕದ ಆರಂಭ ಅದು. ಇಂದಿರಾನಗರದ ದೊಡ್ಡ ಮನೆಗಳ ಕಾರು, ಶಿವಾಜಿನಗರದ ಟ್ಯಾಕ್ಸಿ, ಕೆ.ಆರ್. ಪುರದ ಕಡೆಯ ಲಾರಿ, ಎಲ್ಲದರ ಬ್ಯಾಟರಿಯೂ ಚಾರ್ಜಿಗೆಂದು ನಮ್ಮ ಬಾಗಿಲಿಗೇ ಬರುತ್ತಿತ್ತು. ಗಿರಾಕಿಗಳ ಜೊತೆ ಮಾವ ತಮಿಳಿನಲ್ಲೋ ಉರ್ದುವಿನಲ್ಲೋ ಬೆಣ್ಣೆಯಂಥ ಮಾತಾಡುತ್ತಿದ್ದರು. ಕನ್ನಡವನ್ನು ಮನೆಯವರನ್ನು ಬೈಯುವುದಕ್ಕೆಂದು ಇಟ್ಟುಕೊಂಡಿದ್ದರು. ನನ್ನ ಗಂಡ ಬೆಳಿಗ್ಗೆ ಇನ್ಶೂರೆನ್ಸ್ ಆಫೀಸಿಗೆ ಹೋದರೆ ಸಂಜೆ ಬರುವವರು. ಅಪ್ಪನ ಮುಂದೆ ಅವರು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ.

ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವುದೆಂದರೆ ಮಾವನಿಗೆ ಪಂಚಪ್ರಾಣ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಹೊಸದರಲ್ಲಿ ಒಂದು ದಿನ ನನ್ನನ್ನೂ ಗಿರಾಕಿಗಳ ಮುಂದೆ ಕರೆದು ನಿಲ್ಲಿಸಿಕೊಂಡು ಪಾಠ ಮಾಡಿದರು. ಡಬ್ಬದೊಳಗೆ ಆರು ಗೂಡು, ಒಂದೊಂದು ಗೂಡೂ ಒಂದು ಸೆಲ್. ಪ್ರತಿಯೊಂದರಲ್ಲೂ ಸೀಸದ ತಟ್ಟೆಗಳು, ಒಂದಕ್ಕೊಂದು ತಾಗದಂತೆ ನಡುವೆ ತೆಳುವಾದ ಹಾಳೆಗಳು, ಎಲ್ಲವೂ ಮುಳುಗುವಷ್ಟು ನೀರು ಬೆರೆಸಿದ ಆಸಿಡ್. ಕಾರಿನ ಕೀ ತಿರುಗಿಸಿದರೆ ಆಸಿಡ್ಡಿನ ಸತ್ವ ಸೀಸಕ್ಕೆ ಸೇರಿಕೊಳ್ಳುತ್ತ ಹೋಗುತ್ತದೆ, ಅದರಿಂದಲೇ ಕರೆಂಟು. ಬ್ಯಾಟರಿ ಇಳಿದಷ್ಟೂ ಒಳಗಿನ ಆಸಿಡ್ ತೆಳ್ಳಗಾಗುತ್ತದೆ. ಚಾರ್ಜಿಗೆ ಹಾಕಿದರೆ ಆ ಸತ್ವ ಸೀಸವನ್ನು ಬಿಟ್ಟು ಮತ್ತೆ ನೀರಿಗೆ ಬರುತ್ತದೆ, ಆಸಿಡ್ ಗಟ್ಟಿಯಾಗುತ್ತದೆ.

ಎಷ್ಟು ಗಟ್ಟಿ ಎಂದು ನೋಡುವುದಕ್ಕೆ ಹೈಡ್ರೋಮೀಟರ್. ಮಾವನ ಕೈಯಲ್ಲಿ ಅದು ಸದಾ ಇರುತ್ತಿತ್ತು. ದಪ್ಪನೆಯ ಗಾಜಿನ ಕೊಳವೆ, ಮೇಲೊಂದು ರಬ್ಬರ್ ಗುಂಡು. ಗುಂಡನ್ನು ಅದುಮಿ ಬಿಟ್ಟರೆ ಸೆಲ್ಲಿನ ಆಸಿಡ್ ಕೊಳವೆಗೆ ಏರುತ್ತದೆ. ಅದರೊಳಗೆ ಬಣ್ಣದ ಪಟ್ಟಿ ಬಳಿದ ಸಣ್ಣ ಗಾಜಿನ ಬುರುಡೆ ತೇಲುತ್ತದೆ. ಆಸಿಡ್ ಗಟ್ಟಿಯಿದ್ದರೆ ಬುರುಡೆ ಎತ್ತರಕ್ಕೆ ತೇಲಿ ಹಸಿರು ಪಟ್ಟಿಗೆ ನಿಲ್ಲುತ್ತದೆ, ತೆಳ್ಳಗಿದ್ದರೆ ಮುಳುಗಿ ಕೆಂಪಿಗೆ ನಿಲ್ಲುತ್ತದೆ. ಹಸಿರೆಂದರೆ ಬ್ಯಾಟರಿ ಚೆನ್ನಾಗಿದೆ. ಚಾರ್ಜ್ ಮಾಡಿದ ಮೇಲೂ ಕೆಂಪೆಂದರೆ ಅದರ ಕಥೆ ಮುಗಿಯಿತು.

"ಆರರಲ್ಲಿ ಒಂದು ಸೆಲ್ ಸತ್ರೂ ಮಿಕ್ಕ ಐದೂ ದಂಡ," ಎಂದು ಪಾಠ ಮುಗಿಸಿ, ಗಿರಾಕಿಗಳಿಗೆ ಕಾಫಿ ತಂದ ಅತ್ತೆಯತ್ತ ಮಾವ ಹೈಡ್ರೋಮೀಟರ್ ತೋರಿಸಿದರು. "ನಮ್ಮನೇಲಿ ಆ ಸೆಲ್ಲು ಇವಳೇ ನೋಡಮ್ಮ."

ಎಲ್ಲರೂ ನಕ್ಕರು. ಅತ್ತೆ ಲೋಟಗಳನ್ನಿಟ್ಟು ಒಳಗೆ ಹೋದರು. ಅಂದಿನಿಂದಲೇ ನನಗೆ ಆ ಮುದುಕನನ್ನು ಕಂಡರೆ ಆಗುತ್ತಿರಲಿಲ್ಲ, ಇಂದಿಗೂ ಆಗುವುದಿಲ್ಲ. ಸತ್ತವರ ಬಗ್ಗೆ ಹಾಗೆಲ್ಲ ಬರೆಯಬಾರದು ಎನ್ನುವವರು ಬೇರೆ ಏನಾದರೂ ಓದಿಕೊಳ್ಳಲಿ.

ಅಂಗಡಿಯಲ್ಲಿ ಮಾವ ಭಯಪಡುತ್ತಿದ್ದುದು ಒಂದೇ ಒಂದಕ್ಕೆ, ಬೆಂಕಿಗೆ. ಬ್ಯಾಟರಿ ತುಂಬುತ್ತ ಬಂದಾಗ ಹೆಚ್ಚಿನ ಕರೆಂಟು ನೀರನ್ನೇ ಒಡೆದು ಗ್ಯಾಸ್ ಮಾಡುತ್ತದೆ. ಸೆಲ್ಲುಗಳಲ್ಲಿ ಗುಳ್ಳೆ ಏಳುತ್ತದೆ. ಕಣ್ಣಿಗೆ ಕಾಣದ ಆ ಗ್ಯಾಸಿಗೆ ಒಂದು ಕಿಡಿ ಸಾಕು. ಹಾಗಾಗಿ ಬೀಡಿ ಹಚ್ಚಿಕೊಂಡು ಹೊಸಿಲು ದಾಟಿದ ಟ್ಯಾಕ್ಸಿ ಡ್ರೈವರೊಬ್ಬನಿಗೆ ಮಾವ ಕಪಾಳಕ್ಕೆ ಬಿಗಿದದ್ದೂ ಉಂಟು. ಆಯುಧಪೂಜೆಯ ದಿನ ಬೆಳಿಗ್ಗೆಯೇ ಚಾರ್ಜರ್ ಬಂದ್. ಮುಚ್ಚಳ ಹಾಕಿ, ಬ್ಯಾಟರಿಗಳನ್ನು ತೊಳೆದು, ಗಾಳಿಯಾಡಲು ಬಾಗಿಲು ಕಿಟಕಿ ತೆಗೆದಿಟ್ಟು, ಮಧ್ಯಾಹ್ನದ ಮೇಲೆ ಕುಂಕುಮ, ಹೂವು, ಆರತಿ. ಮಾವ ಗಂಟೆ ಬಾರಿಸಬೇಕು, ಅತ್ತೆ ಕರ್ಪೂರದ ತಟ್ಟೆ ಹಿಡಿದು ಸಾಲಾಗಿಟ್ಟ ಬ್ಯಾಟರಿಗಳಿಗೆ ಬೆಳಗಬೇಕು. ಅದು ಅವರ ಮದುವೆಯಾದಾಗಿನಿಂದ ಬಂದ ಕ್ರಮ.

ಆ ವರ್ಷ ಇಂದಿರಾನಗರದ ಗಿರಾಕಿಯೊಬ್ಬರು ಹಬ್ಬದ ದಿನವೇ ಬ್ಯಾಟರಿ ತಂದಿಳಿಸಿದರು. ಕಾರು ಸ್ಟಾರ್ಟ್ ಆಗುತ್ತಿಲ್ಲ, ಸಂಜೆ ನಿಂಬೆಹಣ್ಣಿನ ಮೇಲೆ ಹತ್ತಿಸಬೇಕು ಎಂದು ಗೋಗರೆದರು. ದೊಡ್ಡ ಮನುಷ್ಯರು ಗೋಗರೆದರೆ ಮಾವ ಕರಗುತ್ತಿದ್ದರು. ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರು. ಪೂಜೆಯ ಹೊತ್ತಿಗೂ ಅದು ಸಾಲಿನ ಕೊನೆಯಲ್ಲಿ ಮುಚ್ಚಳ ತೆಗೆದುಕೊಂಡು ಕೂತಿತ್ತು. ನಾನು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಒಂದೊಂದಕ್ಕೇ ಬೆಳಗುತ್ತ ಬಂದು ಕೊನೆಯದರ ಮುಂದೆ ನಿಂತುಬಿಟ್ಟರು.

"ಕುದೀತಾ ಇದೆಯಲ್ರೀ ಇದು," ಎಂದರು.

"ನಾಟಕ ಸಾಕು, ಹತ್ತಿರ ಹಿಡಿಯೇ," ಎಂದರು ಮಾವ. ಗಂಟೆ ನಿಲ್ಲಿಸಲಿಲ್ಲ.

ಅತ್ತೆ ಬಗ್ಗಿ ಹತ್ತಿರ ಹಿಡಿದರು. ಢಂ ಎಂದು ಬ್ಯಾಟರಿಯ ಮೇಲುಭಾಗ ಹಾರಿಹೋಯಿತು. ತಟ್ಟೆ ಬಿದ್ದು ಉರುಳಿತು. ಅತ್ತೆ ಮುಖ ಹಿಡಿದುಕೊಂಡು ಕುಸಿದು ಕೂತರು. ಮಾವ ಗಂಟೆಯನ್ನು ಕೆಳಗಿಟ್ಟು, ಅತ್ತೆಯ ಕಾಲು ದಾಟಿಕೊಂಡು ಗೋಡೆಯ ಬಳಿ ಹೋಗಿ ಚಾರ್ಜರಿನ ಸ್ವಿಚ್ ಆರಿಸಿದರು. ಟಕ್ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಒಡೆದ ಬ್ಯಾಟರಿಯ ಮುಂದೆ ಕೂತು ಇನ್ನೊಬ್ಬರ ಮಾಲಿಗೆ ಏನಾಯಿತೆಂದು ನೋಡತೊಡಗಿದರು. ಹಿತ್ತಲಿನ ಡ್ರಮ್ಮಿನಿಂದ ನೀರು ತಂದು ತಂದು ಅತ್ತೆಯ ಮುಖಕ್ಕೆ ಸುರಿದವಳು ನಾನು. ಬಲಗಣ್ಣು ಉಳಿಯಿತು, ಎಡಗಣ್ಣು ಹೋಯಿತು.

ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ಮಾವ ಒಂದೇ ಕಥೆ ಹೇಳಿದರು. ಸ್ವಿಚ್ ಬೆಳಿಗ್ಗೆಯೇ ಆರಿಸಿದ್ದರಂತೆ. ಈ ಪೆದ್ದಿ ಕರ್ಪೂರವನ್ನು ಒಯ್ದು ಸೆಲ್ಲಿನ ಬಾಯಿಗೇ ಹಿಡಿದಳಂತೆ. ಬೀದಿಯ ಹೆಂಗಸರು ಕಿತ್ತಳೆಹಣ್ಣು ತಂದು, ಅಷ್ಟು ಹತ್ತಿರ ಹಿಡಿಯೋದಾ ಎಂದು ಅತ್ತೆಗೇ ಬುದ್ಧಿ ಹೇಳಿ ಹೋದರು. ನಾನು ಕಂಡದ್ದನ್ನು ಗಂಡನಿಗೆ ಹೇಳಿದರೆ, ಅಪ್ಪ ಯಾಕೆ ಸುಳ್ಳು ಹೇಳುತ್ತಾರೆ ಎಂದು ಅವರು ಮಗ್ಗುಲು ಬದಲಿಸಿದರು. ಸ್ವಿಚ್ ಆರಿಸಿದ ಸದ್ದು ತನಗೂ ಕೇಳಿಸಿತ್ತು ಎಂದು ಅತ್ತೆ ನನ್ನೊಬ್ಬಳ ಹತ್ತಿರ ಹೇಳಿದರು. ಕಣ್ಣು ಹೋದದ್ದಕ್ಕಿಂತ, ತನ್ನ ಕಣ್ಣನ್ನು ತಾನೇ ಕಳೆದುಕೊಂಡ ಪೆದ್ದಿ ಎಂದು ಊರೆಲ್ಲ ನಂಬಿದ್ದು ಅವರನ್ನು ತಿನ್ನುತ್ತಿತ್ತು.

ಮನೆಗೆ ಬಂದ ಮೇಲೆ ಒಂದು ದಿನ ನನ್ನ ಎದುರಿಗೇ ಮಾವನನ್ನು ಕೇಳಿದರು. "ಸ್ವಿಚ್ಚು ಆನ್ ಇತ್ತು ಅಂತ ಜನಕ್ಕೆ ಒಂದು ಮಾತು ಹೇಳ್ಬಿಡಿ. ನಾನು ಇನ್ನೇನೂ ಕೇಳಲ್ಲ."

ಮಾವ ಪತ್ರಿಕೆಯಿಂದ ತಲೆ ಎತ್ತದೆ, ಸ್ವಿಚ್ ಆಫ್ ಆಗಿತ್ತು ಎಂದರು. ಅಲ್ಲಿಂದ ಮುಂದೆ ಸತ್ತ ಸೆಲ್ ಎಂಬ ಹೆಸರು ಹೋಗಿ ಒಕ್ಕಣ್ಣಿ ಎಂಬ ಹೆಸರು ಬಂತು. ಗಿರಾಕಿಗಳ ಮುಂದೆಯೂ ಹಾಗೇ ಕರೆಯುತ್ತಿದ್ದರು. ಅತ್ತೆ ಓಗೊಡುತ್ತಿದ್ದರು.

ವರ್ಷಗಳು ಉರುಳಿದವು. ಮುಚ್ಚಳವೇ ಇಲ್ಲದ, ನೀರು ಕೇಳದ ಕಾರಿನ ಬ್ಯಾಟರಿಗಳು ಬಂದವು. ಆದರೂ ಹಳೆಯ ಟ್ಯಾಕ್ಸಿಗಳು ಇದ್ದವು. ಕರೆಂಟು ಕೈಕೊಡುತ್ತಿದ್ದ ಕಾಲವಾದ್ದರಿಂದ ಮನೆಮನೆಯ ಇನ್ವರ್ಟರುಗಳೂ ಇದ್ದವು. ಅಂಗಡಿ ನಡೆಯಿತು. ನಡೆಯದೆ ಹೋದದ್ದು ಮಾವನ ಕಣ್ಣು. ಸಕ್ಕರೆ ಕಾಯಿಲೆಯನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದು ಎರಡೂ ಕಣ್ಣುಗಳ ಹಿಂದೆ ರಕ್ತ ಇಳಿಸಿತು. ಬೆಳಕು ಎತ್ತ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ಡಾಕ್ಟರು ಇನ್ನು ಆಗುವುದಿಲ್ಲ ಎಂದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ. ಯಾಕೆಂದು ಯಾರೂ ಕೇಳಲಿಲ್ಲ.

ಕುರುಡನಾದೆ ಎಂದು ಮಾವ ಯಾರಿಗೂ ತಿಳಿಯಗೊಡಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ದನಿಯ ಮೇಲೆ ಗಿರಾಕಿಯನ್ನು ಗುರುತು ಹಿಡಿಯುತ್ತಿದ್ದರು. ವೈರು, ಕ್ಲಿಪ್ಪು ಎಲ್ಲ ಕೈಯಳತೆಯಲ್ಲಿ ಗೊತ್ತಿತ್ತು. ಗೊತ್ತಾಗದಿದ್ದುದು ಬುರುಡೆಯ ಬಣ್ಣ ಒಂದೇ. ಆಸಿಡ್ಡನ್ನು ಬೆರಳಲ್ಲಿ ಉಜ್ಜಿ ಗಟ್ಟಿಯೋ ತೆಳುವೋ ಹೇಳುತ್ತಿದ್ದವರಿಗೆ ಈಗ ಬೆರಳೂ ಜೋಮು ಹಿಡಿದಿತ್ತು. ಕೆಲಸದವರನ್ನು ಇಟ್ಟುಕೊಂಡರೆ ಗುಟ್ಟು ರಟ್ಟಾಗುತ್ತದೆ. ಕೊನೆಗೆ ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅವರು ಗಿರಾಕಿಗೆ ಬೆನ್ನು ಮಾಡಿ ಹೈಡ್ರೋಮೀಟರ್ ಹಿಡಿದು ಬಣ್ಣವನ್ನು ಮೆಲ್ಲಗೆ ಹೇಳಬೇಕು, ಇವರು ಗಿರಾಕಿಗೆ ಜೋರಾಗಿ ತೀರ್ಪು ಕೊಡಬೇಕು. ಅವಳಿಗೆ ಸುಳ್ಳು ಹೇಳುವಷ್ಟು ಬುದ್ಧಿಯಿಲ್ಲ, ಅದೇ ಒಳ್ಳೆಯದಾಯಿತು ಎಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡರು.

ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದವಳು ನೋಡಿದೆ. ಕೊಳವೆಯಲ್ಲಿ ಬುರುಡೆ ಹಸಿರಿಗೆ ನಿಂತಿತ್ತು. "ಕೆಂಪು ರೀ," ಎಂದರು ಅತ್ತೆ. ಪಾಪ, ಇದ್ದೊಂದು ಕಣ್ಣೂ ಮಂಜಾಯಿತೇ ಎಂದುಕೊಂಡೆ. ಮಾವ ಗಿರಾಕಿಗೆ, ಇದು ಹೋಯಿತು ಸ್ವಾಮಿ, ಹೊಸದು ಹಾಕಿಸಿ ಎಂದರು. ಮುಂದಿನದರಲ್ಲಿ ಬುರುಡೆ ಮುಳುಗಿ ಕೆಂಪಿಗೆ ನಿಂತಿತ್ತು. "ಹಸಿರು," ಎಂದರು ಅತ್ತೆ. ಮಾವ ಆ ಡ್ರೈವರಿಗೆ, ಇನ್ನೂ ವರ್ಷಾನುಗಟ್ಟಲೆ ಬರುತ್ತದೆ, ಧೈರ್ಯವಾಗಿ ಹೋಗು ಎಂದರು. ಅತ್ತೆ ತಲೆಯೆತ್ತಿ ಆ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ನಾನು ಕಾಫಿ ಇಟ್ಟು ಒಳಗೆ ಬಂದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಧೈರ್ಯವಾಗಿ ಹೋದ ಡ್ರೈವರು ಮಾರತ್ತಹಳ್ಳಿಯ ರಿಂಗ್ ರೋಡಿನಲ್ಲಿ, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದಾಗ, ನಿಂತ ಕಾರು ಮತ್ತೆ ಸ್ಟಾರ್ಟ್ ಆಗದೆ ತಳ್ಳಿದನಂತೆ. ಬಂದು ಬ್ಯಾಟರಿಯನ್ನು ಹೊಸಿಲ ಮೇಲೆ ಎತ್ತಿ ಹಾಕಿ, ಬಾಯಿಗೆ ಬಂದಂತೆ ಬೈದು ಹೋದ. ಬಿಸಾಕಿ ಎಂದು ಮಾವ ಹೇಳಿದ ಬ್ಯಾಟರಿಯನ್ನು ಕುಕ್ ಟೌನಿನ ಒಬ್ಬರು ಬೇರೆ ಅಂಗಡಿಗೆ ಒಯ್ದರೆ, ಇದಕ್ಕೇನಾಗಿದೆ ಎಂದು ಅಲ್ಲಿಯವರು ನಕ್ಕರಂತೆ. ಹೀಗೆ ದಿನಕ್ಕೊಂದು ಸುದ್ದಿ. ಡ್ರೈವರುಗಳ ಬಗ್ಗೆ ಪಾಪ ಅನ್ನಿಸಲಿಲ್ಲವೇ ಎಂದರೆ, ಇಲ್ಲ. ಸತ್ತ ಸೆಲ್ಲಿನ ಮಾತಿಗೆ ಅವರೂ ನಕ್ಕಿದ್ದರು. ಮಾವ ರಾತ್ರಿ ಊಟ ಬಿಟ್ಟು, ತನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ಕೂತು ಯೋಚಿಸುತ್ತಿದ್ದರು. ಅತ್ತೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅಷ್ಟು ಬುದ್ಧಿ ಅವಳಿಗೆ ಇದೆಯೆಂದು ಒಪ್ಪಿಕೊಂಡರಲ್ಲವೇ ಅನುಮಾನ ಬರುವುದು?

ಗಿರಾಕಿಗಳು ಎದುರಿನ ಹೊಸ ಅಂಗಡಿಗೆ ಹೋದರು. ಮತ್ತೆ ಆಯುಧಪೂಜೆ ಬಂದಾಗ ಪ್ರಸಾದಕ್ಕೆಂದು ಬಂದವರು ಹಳೆಯ ಟ್ಯಾಕ್ಸಿ ಡ್ರೈವರುಗಳು ನಾಲ್ಕೈದು ಮಂದಿ. ಚಾರ್ಜರ್ ಹಿಂದಿನ ದಿನವೇ ಆರಿತ್ತು. ಪೂಜೆ ಮುಗಿದ ಮೇಲೆ ಮಾವನಿಗೆ ಹಳೆಯ ಹುರುಪು ಬಂತು. ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಮುಂದಕ್ಕೆ ಎಳೆಸಿದರು. ಅದು ಅವರು ಸ್ವಂತ ಕೈಯಿಂದ ಕಟ್ಟಿ ಸಾಕಿಕೊಂಡದ್ದು. ನನ್ನ ಕೆಲಸ ಹೇಗಿದೆ ನೋಡಿ ಎಂದು ಎಲ್ಲರಿಗೂ ಹೇಳಿ, ಬಣ್ಣ ಹೇಳಲು ಅತ್ತೆಯನ್ನು ಕರೆದರು.

ಅತ್ತೆ ಮುಚ್ಚಳ ತೆಗೆದು ಆಸಿಡ್ ಎಳೆದರು. ಎಲ್ಲರೂ ಬಗ್ಗಿ ನೋಡಿದರು. ಬುರುಡೆ ಹಸಿರಿಗೆ ನಿಂತಿತ್ತು.

"ನನಗೆ ಕಣ್ಣು ಹೋದ ದಿನ ಸ್ವಿಚ್ಚು ಆನ್ ಇತ್ತಾ, ಆಫ್ ಇತ್ತಾ?" ಎಂದು ಅತ್ತೆ ಕೇಳಿದರು. ಅದನ್ನು ಮೆಲ್ಲಗೆ ಹೇಳಲಿಲ್ಲ.

"ಆಫ್ ಇತ್ತು," ಎಂದರು ಮಾವ.

"ಕೆಂಪು ರೀ," ಎಂದರು ಅತ್ತೆ.

ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಏನಾಗಿತ್ತೆಂದು ಮಾವನಿಗೆ ತಿಳಿದದ್ದು ಆಗಲೇ ಇರಬೇಕು. "ಸರಿಯಾಗಿ ನೋಡೇ," ಎಂದರು. ಅತ್ತೆ ಅವರ ಕೈ ಹಿಡಿದು ಹೈಡ್ರೋಮೀಟರನ್ನು ಅದರಲ್ಲಿಟ್ಟರು. "ನೀವೇ ನೋಡಿ."

ಮಾವ ಅದನ್ನು ಮುಖದ ಹತ್ತಿರಕ್ಕೆ ಎತ್ತಿ ಹಿಡಿದರು. ತನ್ನ ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಎನ್ನಬೇಕಾದರೆ ತನಗೆ ಕಾಣುವುದಿಲ್ಲ ಎಂದೂ ಹೇಳಬೇಕಿತ್ತು. ಬಹಳ ಹೊತ್ತು ನೋಡುವವರಂತೆ ಹಿಡಿದುಕೊಂಡಿದ್ದರು.

"ಹೌದು," ಎಂದರು ಕೊನೆಗೆ. "ಕೆಂಪೇ."

ಡ್ರೈವರುಗಳಲ್ಲಿ ಹಿರಿಯವನು ಮಾವನ ಕಪ್ಪು ಕನ್ನಡಕವನ್ನೇ ಒಂದು ಗಳಿಗೆ ನೋಡಿ, ಕಡಲೆಪುರಿಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಟ. ಮಿಕ್ಕವರೂ ಹೊರಟರು. ಅವರು ಬೀದಿ ತಿರುಗಿದ ಮೇಲೆ ಮಾವ, ಬ್ಯಾಟರಿ ಹೋಗಿದೆ, ಗುಜರಿಯವನನ್ನು ಕರೆಸಿ ಎಂದರು. ನಾನೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕರೆದುಕೊಂಡು ಬಂದೆ.